ಬೀಗ ಹಾಕಿದ ಪ್ರೋಗ್ರಾಮು

ಮನುಷ್ಯ ಯಾವುದಕ್ಕಾದರೂ ಬೀಗ ಹಾಕಿ, ಮುಖ ಗಂಟಿಕ್ಕಿಕೊಂಡು ಅದರ ಪಕ್ಕ ಕೂತ ಅಂದರೆ, ಅಲ್ಲೊಂದು ನಗುವ ಸಂಗತಿ ಹುಟ್ಟಿಯೇ ಹುಟ್ಟುತ್ತದೆ. ಹೊಸೂರಿನ ಗೇರ್ ಕಾರ್ಖಾನೆಯೊಂದರಲ್ಲಿ ಕಂಪ್ಯೂಟರ್ ಮುಂದೆ ಕೂತ ಅಷ್ಟೂ ವರ್ಷ ನಾನು ಇದನ್ನೇ ನೋಡಿದ್ದು. ಆಗ ಎಂಬತ್ತರ ದಶಕದ ನಡುಭಾಗ. ನಮ್ಮೂರು ಹೊಸೂರಿನ ಪಕ್ಕದ ಮತ್ತಿಗಿರಿಯಿಂದ ಆಚೆ ಎರಡು ಮೈಲಿ. ಪಾಲಿಟೆಕ್ನಿಕ್ ಮುಗಿಸಿ ಸೈಕಲ್ ತುಳಿದುಕೊಂಡು ಕೆಲಸಕ್ಕೆ ಹೋಗುತ್ತಿದ್ದೆ. ಇಂಗ್ಲಿಷ್ ಟೈಪಿಂಗ್ ಬರುತ್ತೆ ಅನ್ನೋ ಒಂದೇ ಕಾರಣಕ್ಕೆ ನನ್ನನ್ನು ಲೇತ್ ಮೆಷಿನ್ನಿನಿಂದ ಎಬ್ಬಿಸಿ ಕಂಪ್ಯೂಟರ್ ಮುಂದೆ ಕೂರಿಸಿದರು.

೧. ಯೂನಿಯನ್ನಿನ ಕಾವಲು

ಕಂಪ್ಯೂಟರ್ ಬರುತ್ತದೆ ಅಂತ ಗೊತ್ತಾದ ದಿನವೇ ಗೇಟಿನ ಹತ್ತಿರ ಘೋಷಣೆ ಶುರುವಾಯಿತು. ಒಂದು ಯಂತ್ರ ನೂರು ಜನರ ಕೆಲಸ ತಿನ್ನುತ್ತದೆ ಅಂತ ಯೂನಿಯನ್ ಕಾರ್ಯದರ್ಶಿ ಸ್ಟೂಲಿನ ಮೇಲೆ ನಿಂತು ಕನ್ನಡದಲ್ಲಿ ಒಂದು ಸಲ, ತಮಿಳಿನಲ್ಲಿ ಒಂದು ಸಲ, ತೆಲುಗಿನಲ್ಲಿ ಒಂದು ಸಲ ಹೇಳಿದರು. ಅವರಿಗಿದ್ದ ಆತಂಕ ನಿಜವಾದದ್ದೇ. ಅವರ ಮಾತು ಕೇಳಿ ಕಂಪ್ಯೂಟರ್ ಆಪರೇಟರ್ ಆಗಬೇಕಿದ್ದ ನನಗೇ ನನ್ನ ಕೆಲಸದ ಬಗ್ಗೆ ಭಯ ಹತ್ತಿತು.

ನಮ್ಮ ಮ್ಯಾನೇಜರ್ ಸೇಲಂ ಕಡೆಯವರು. ಜಾಣರು. ವಾದಕ್ಕೆ ಹೋಗದೆ, ಯಂತ್ರ ಬಂದ ಮೇಲೆ ಕಾರ್ಯದರ್ಶಿಯನ್ನು ಕಂಪ್ಯೂಟರ್ ಕೋಣೆಗೆ ಕರೆದು, ನೀವೇ ಕೂತು ಪರೀಕ್ಷೆ ಮಾಡಿ ಅಂದರು. ಕಾರ್ಯದರ್ಶಿ ಚಪ್ಪಲಿ ಬಿಟ್ಟು ಒಳಗೆ ಬಂದರು. ಹೊರಗೆ ಏಪ್ರಿಲ್ ಬಿಸಿಲು, ಹೀಟ್ ಟ್ರೀಟ್‌ಮೆಂಟಿನ ಕುಲುಮೆ ಬೇರೆ. ಒಳಗೆ ಇಡೀ ಕಾರ್ಖಾನೆಗೆ ಇದ್ದ ಎರಡೇ ಎರಡು ಏಸಿಗಳಲ್ಲಿ ಒಂದು. ಅವರು ಒಂದೂವರೆ ಗಂಟೆ ಕೂತರು. ಯಂತ್ರದ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ನಡುವೆ ಸ್ವಲ್ಪ ಕಣ್ಣು ಮುಚ್ಚಿದ್ದನ್ನೂ ನಾನು ನೋಡಿದೆ.

ಹೊರಗೆ ಬಂದು ಕಾದಿದ್ದ ಕಾರ್ಮಿಕರಿಗೆ ಅವರು ಹೇಳಿದ್ದು ಇಷ್ಟು: "ಬಲು ಡೇಂಜರ್ ಮೆಷಿನ್ ಕಣ್ರಪ್ಪ. ನಂಬಂಗಿಲ್ಲ. ದಿನಾ ಮಧ್ಯಾಹ್ನ ಹನ್ನೆರಡರಿಂದ ಎರಡು ಗಂಟೆವರೆಗೂ ನಾನೇ ಒಳಗ್ ಕೂತು ಕಾವಲು ಕಾಯ್ತೀನಿ."

೨. ಹತ್ತೇ ಅಕ್ಷರ

ಕಂಪ್ಯೂಟರ್ ಜೊತೆಗೆ ಹಾಜರಿ ಹಾಕುವ ಪ್ರೋಗ್ರಾಮೂ ಬಂತು. ಎರಡನ್ನೂ ಮಾರಿದ್ದು ಮದ್ರಾಸಿನ ಒಂದೇ ಕಂಪನಿ. ಆ ಪ್ರೋಗ್ರಾಮಿನೊಳಗೆ ಏನು ಬರೆದಿದ್ದಾರೆ ಅಂತ ನೋಡಲು ಹೋದರೆ ಯಂತ್ರ ತೋರಿಸುತ್ತಿರಲಿಲ್ಲ. ಬೀಗ ಹಾಕಿದ್ದರು. ಅದರಲ್ಲಿ ನೌಕರರ ಹೆಸರಿಗೆ ಇಂಗ್ಲಿಷಿನ ಹತ್ತೇ ಅಕ್ಷರದ ಜಾಗ.

ನಮ್ಮ ಕಡೆ ಹೆಸರುಗಳು ಹತ್ತಕ್ಕೆ ನಿಲ್ಲುವಂಥವೇ? ನಮ್ಮಲ್ಲಿ ಒಬ್ಬರು ಮುನಿವೆಂಕಟಪ್ಪ, ಒಬ್ಬರು ಮುನಿವೆಂಕಟಸ್ವಾಮಿ, ಇನ್ನೊಬ್ಬ ಮುನಿವೆಂಕಟೇಶ. ಹತ್ತು ಅಕ್ಷರಕ್ಕೆ ಕತ್ತರಿ ಬಿದ್ದ ಮೇಲೆ ಮೂವರೂ ಮುನಿವೆಂಕಟ್. ಒಬ್ಬ ಮದುವೆಗೆ ರಜ ಹಾಕಿದರೆ ಇನ್ನೊಬ್ಬನಿಗೆ ಗೈರುಹಾಜರಿ ಬೀಳುತ್ತಿತ್ತು. ಗೇರ್ ಕತ್ತರಿಸುವ ವಿಭಾಗದ ಮುನಿವೆಂಕಟಪ್ಪನವರು ಸಾನಮಾವಿನ ಕಾಡಿನಂಚಿನ ಹಳ್ಳಿಯವರು. ಆನೆ ದಾರಿಗೆ ಅಡ್ಡ ನಿಂತ ದಿನವೂ ಸುತ್ತು ಹಾಕಿಕೊಂಡು ಸರಿಯಾದ ಹೊತ್ತಿಗೆ ಗೇಟಿಗೆ ಬಂದವರು. ಅಂಥವರಿಗೆ, ಗೈರುಹಾಜರಿ ಜಾಸ್ತಿಯಾಯಿತು, ಕಾರಣ ಕೊಡಿ ಅಂತ ನೋಟಿಸ್ ಹೋಯಿತು.

ಮದ್ರಾಸಿನಿಂದ ಎಂಜಿನಿಯರ್ ಬಂದರು. ಜಾಗ ಹೆಚ್ಚಿಸಿ ಕೊಡಿ ಅಂತ ಕೇಳಿದೆವು. ಪ್ರೋಗ್ರಾಮು ನಮ್ಮ ಆಸ್ತಿ, ನೀವು ಕೈ ಹಾಕುವ ಹಾಗಿಲ್ಲ, ನಾನೂ ಹಾಕುವ ಹಾಗಿಲ್ಲ, ಹೆಡ್ಡಾಫೀಸಿನ ಒಪ್ಪಿಗೆ ಬೇಕು, ಅದು ಬರಲು ಎಷ್ಟು ದಿನವೋ ಗೊತ್ತಿಲ್ಲ ಅಂದರು. ಆಮೇಲೆ ಸ್ವಲ್ಪ ಯೋಚಿಸಿ, ಇದಕ್ಕಿಂತ ಸುಲಭದ ದಾರಿ ಅಂದರೆ ಈ ಮೂವರೂ ಹೆಸರು ಚಿಕ್ಕದು ಮಾಡಿಕೊಳ್ಳಲಿ ಅಂತ ಸಲಹೆ ಕೊಟ್ಟರು.

ನೋಟಿಸ್ ಹಿಡಿದುಕೊಂಡು ನಿಂತಿದ್ದ ಮುನಿವೆಂಕಟಪ್ಪನವರಿಗೆ ಅದನ್ನು ನಾನೇ ಕನ್ನಡದಲ್ಲಿ ಹೇಳಬೇಕಾಯಿತು. ಅವರಿಗೆ ಸಿಟ್ಟೇನೂ ಬರಲಿಲ್ಲ.

"ಈ ಹೆಸ್ರು ನಮ್ಮಪ್ಪ ಇಕ್ಕಿದ್ದು ಸಾಮಿ. ಬದಲಾಯಿಸ್ಬೇಕು ಅಂದ್ರೆ ಅವ್ರ ಒಪ್ಪಿಗೆ ಬೇಕು," ಅಂದರು. ಆಮೇಲೆ ಬೆರಳನ್ನು ಮೇಲಕ್ಕೆ ಎತ್ತಿ, "ಅವ್ರೂ ಈಗ ಹೆಡ್ಡಾಫೀಸ್ನಾಗೇ ಅವ್ರೆ," ಅಂದರು.

೩. ಕೊಟ್ಟ ಮೇಲೂ ಇತ್ತು

ಆ ಮಾತಿಗೆ ಎಲ್ಲರೂ ನಕ್ಕರು, ಆದರೆ ನನಗೆ ಒಳಗೇ ಚುಚ್ಚಿತು. ದುಡಿಯುವವರ ಹೆಸರನ್ನು ಸರಿಯಾಗಿ ಬರೆಯಲಾರದ ಯಂತ್ರದ ಮುಂದೆ ನಾನು ಕೂತಿದ್ದೇನಲ್ಲ ಅನ್ನಿಸಿತು. ಯಂತ್ರದ ಜೊತೆ ಬಂದಿದ್ದ, ಪ್ರೋಗ್ರಾಮು ಬರೆಯುವ ಬೇಸಿಕ್ ಭಾಷೆಯ ದಪ್ಪ ಪುಸ್ತಕವನ್ನು ಯಾರೂ ಮುಟ್ಟಿರಲಿಲ್ಲ. ಅದನ್ನು ಓದಿ ಓದಿ, ಮೂರು ತಿಂಗಳಲ್ಲಿ ನಾನೇ ಒಂದು ಪ್ರೋಗ್ರಾಮು ಬರೆದೆ. ಹಾಜರಿ, ಶಿಫ್ಟಿನ ಪಟ್ಟಿ ಎರಡೂ ಅದರಿಂದ ಆಗುತ್ತಿತ್ತು. ಹೆಸರಿಗೆ ಮೂವತ್ತು ಅಕ್ಷರ. ಮುನಿವೆಂಕಟಪ್ಪನವರು ತಮ್ಮ ಪೂರ್ತಿ ಹೆಸರಿದ್ದ ಕಾಗದವನ್ನು ಕೇಳಿ ಇಸಕೊಂಡು, ಮಡಚಿ ಜೇಬಿನಲ್ಲಿ ಇಟ್ಟುಕೊಂಡರು.

ಪಕ್ಕದ ಕಾರ್ಖಾನೆಯಲ್ಲೂ ಅದೇ ಯಂತ್ರ, ಅದೇ ಹತ್ತು ಅಕ್ಷರದ ಗೋಳು. ಅಲ್ಲಿನ ಆಪರೇಟರ್ ನನ್ನ ಗೆಳೆಯ. ಮತ್ತಿಗಿರಿಯ ಟೀ ಅಂಗಡಿಯಲ್ಲಿ ಸಿಕ್ಕಾಗ ಕೇಳಿದ. ಪ್ರೋಗ್ರಾಮನ್ನು ಉದ್ದದ ಕಾಗದದಲ್ಲಿ ಅಚ್ಚು ಹಾಕಿ, ಒಂದು ಫ್ಲಾಪಿಯಲ್ಲೂ ತುಂಬಿ ಕೊಟ್ಟೆ. ಒಂದೇ ಷರತ್ತು ಹಾಕಿದೆ: ಏನು ಬದಲಾಯಿಸಿದರೂ ಆ ಜಾಗದಲ್ಲಿ ಒಂದು ಸಾಲು ಬರೆದಿಡಬೇಕು, ಬದಲಾಯಿಸಿದ್ದನ್ನು ನನಗೂ ಕೊಡಬೇಕು. ವಾರದೊಳಗೆ ಅವನು ನನ್ನ ಎರಡು ತಪ್ಪು ತಿದ್ದಿ ವಾಪಸ್ ಕೊಟ್ಟ. ನನಗೆ ಖುಷಿಯೋ ಖುಷಿ.

ಸುದ್ದಿ ನಮ್ಮ ಮ್ಯಾನೇಜರ್ ಕಿವಿಗೆ ಬಿತ್ತು. ಕರೆಸಿದರು. ಕಂಪನಿಯ ಸಮಯದಲ್ಲಿ, ಕಂಪನಿಯ ಯಂತ್ರದಲ್ಲಿ ಬರೆದದ್ದು ಕಂಪನಿಯ ಸ್ವತ್ತು, ಅದನ್ನು ಹೊರಗೆ ಕೊಟ್ಟಿದ್ದು ಕಳ್ಳತನ ಅಂದರು. ಕೆಲಸ ಹೋಯಿತು ಅಂತಲೇ ಅಂದುಕೊಂಡೆ. ಆದರೂ ಇದ್ದದ್ದನ್ನೇ ಹೇಳಿದೆ.

"ಕೊಟ್ಟಿದ್ದು ನಿಜ ಸಾರ್. ಆದ್ರೆ ಅದು ನಮ್ಮ ಹತ್ರಾನೂ ಇದೆ."

ಅವರು ನಂಬಲಿಲ್ಲ. ಬೀರುವಿನ ಕೀಲಿ ತೆಗೆಸಿದರು. ಫ್ಲಾಪಿ ಅಲ್ಲೇ ಇತ್ತು. ಯಂತ್ರಕ್ಕೆ ಹಾಕಿಸಿದರು. ಪ್ರೋಗ್ರಾಮು ಓಡಿತು. ಮೊದಲಿಗಿಂತ ಚೆನ್ನಾಗಿಯೇ ಓಡಿತು, ಗೆಳೆಯ ತಿದ್ದಿದ್ದನಲ್ಲ. ಅವರು ಕುರ್ಚಿಗೆ ಒರಗಿ ತುಂಬ ಹೊತ್ತು ಯೋಚನೆ ಮಾಡಿದರು. ಕೊನೆಗೆ, ಎಲ್ಲ ಇಲ್ಲೇ ಇದೆಯಲ್ಲ, ಹಾಗಾದರೆ ಪಕ್ಕದವರು ತೆಗೆದುಕೊಂಡು ಹೋದದ್ದಾದರೂ ಏನು, ಪಾಪ, ಅವರಿಗೆ ನೀನು ಮೋಸ ಮಾಡಿಲ್ಲ ತಾನೇ ಅಂತ ಕೇಳಿದರು.

೪. ಶುಕ್ರವಾರದ ರಜ

ಮ್ಯಾನೇಜರ್ ಬಾಯಿಬಿಟ್ಟು ಒಪ್ಪಿಗೆ ಕೊಡಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ. ಪ್ರೋಗ್ರಾಮು ಅಲ್ಲಿಂದ ಒಂದೊಂದೇ ಕಾರ್ಖಾನೆ ಸುತ್ತಿತು. ನನ್ನ ಕೈಗೆ ವಾಪಸ್ ಬಂದಾಗ ಅದರ ತುಂಬ ಬೇರೆಬೇರೆಯವರು ಬರೆದ ಸಾಲುಗಳು. ಒಬ್ಬ ತಮಿಳಿನಲ್ಲಿ ನಮಸ್ಕಾರ ಹೇಳಿದ್ದ. ಇನ್ನೊಬ್ಬ, ಮೇಲಿನ ಸಾಲು ಬರೆದ ಮಹಾನುಭಾವ ಯಾರು ಅಂತ ತೆಲುಗಿನಲ್ಲಿ ವಿಚಾರಿಸಿದ್ದ. ಮೇಲಿನ ಸಾಲು ನನ್ನದೇ.

ಎಷ್ಟೆಲ್ಲ ಜನ ತಿದ್ದಿದ್ದಾರೆ, ಬಂಗಾರದಂಥ ಪ್ರೋಗ್ರಾಮು ಅಂದುಕೊಂಡು ಪೂರ್ತಿ ಓದದೆಯೇ ಮುಂದಿನ ವಾರದ ಶಿಫ್ಟ್ ಪಟ್ಟಿ ಅಚ್ಚು ಹಾಕಿ ಬೋರ್ಡಿಗೆ ಅಂಟಿಸಿದೆ. ಶುಕ್ರವಾರ ಬೆಳಿಗ್ಗೆ ಬಂದರೆ ಗೇಟಿನಲ್ಲಿ ವಾಚ್‌ಮನ್ ಒಬ್ಬನೇ. ಸ್ವಲ್ಪ ಹೊತ್ತಿಗೆ ಮ್ಯಾನೇಜರ್ ಬಂದರು. ಮೂವರೂ ನಿಂತು ದಾರಿ ನೋಡಿದೆವು. ಯಾರೂ ಬರಲಿಲ್ಲ. ಮಾವಿನ ಕಾಲ. ಅರ್ಧ ಜನ ತೋಪಿನಲ್ಲಿ, ಇನ್ನರ್ಧ ಜನ ಕೃಷ್ಣಗಿರಿಯ ನೆಂಟರ ಮನೆಯಲ್ಲಿ ಇದ್ದರು ಅಂತ ಆಮೇಲೆ ತಿಳಿಯಿತು.

ಆಗಿದ್ದಿಷ್ಟು: ಕರೆಂಟಿನ ತಾಪತ್ರಯಕ್ಕೆ ಒಂದೊಂದು ಕಾರ್ಖಾನೆಗೆ ಒಂದೊಂದು ದಿನ ವಾರದ ರಜ ಇತ್ತು, ನಮಗೆ ಭಾನುವಾರ. ಯಾವನೋ ಪುಣ್ಯಾತ್ಮ ತನ್ನ ಕಾರ್ಖಾನೆಗೆ ಬೇಕಾದ ಹಾಗೆ ಭಾನುವಾರದ ರಜವನ್ನು ಶುಕ್ರವಾರಕ್ಕೆ ತಂದಿದ್ದ. ಷರತ್ತಿನ ಪ್ರಕಾರ ಅದನ್ನು ಬರೆದೂ ಇಟ್ಟಿದ್ದ. ಯಾರು ಬೇಕಾದರೂ ಓದಬಹುದಿತ್ತು. ಓದದೇ ಇದ್ದವನು ನಾನು. ತಪ್ಪು ಒಪ್ಪಿಕೊಂಡೆ, ಚೆನ್ನಾಗಿ ಬೈಸಿಕೊಂಡೆ.

ಮಾರನೆಯ ದಿನ ಮ್ಯಾನೇಜರ್ ಯೂನಿಯನ್ ಕಾರ್ಯದರ್ಶಿಯನ್ನು ಕರೆಸಿ, ಶುಕ್ರವಾರದ್ದು ರಜವಲ್ಲ, ತಪ್ಪಿನಿಂದ ಆದದ್ದು ಅಂದರು. ಕಂಪ್ಯೂಟರ್ ಬೇಡ ಅಂತ ಸ್ಟೂಲ್ ಹತ್ತಿದ್ದ ಅದೇ ಕಾರ್ಯದರ್ಶಿ, ಕಂಪ್ಯೂಟರ್ ಎಲ್ಲಾದರೂ ತಪ್ಪು ಮಾಡುತ್ತದೆಯೇ, ನೀವೇ ಹೇಳಿದ್ದಿರಲ್ಲ ಅಂದರು. ಸರಿ, ಆ ಪಟ್ಟಿಯಲ್ಲಿ ನಾಳೆ ಭಾನುವಾರ ಎಲ್ಲರೂ ಕೆಲಸಕ್ಕೆ ಬರಬೇಕು ಅಂತಲೂ ಇದೆ, ಬನ್ನಿ ಅಂದರು ಮ್ಯಾನೇಜರ್.

ಕಾರ್ಯದರ್ಶಿ ಪಟ್ಟಿಯನ್ನು ಕೈಗೆ ತೆಗೆದುಕೊಂಡು ಮೇಲಿನಿಂದ ಕೆಳಗಿನವರೆಗೂ ನಿಧಾನವಾಗಿ ಓದಿದರು. "ಇಲ್ಲಿ ಮಾತ್ರ ತಪ್ಪಾಗೈತೆ ಸಾರ್," ಅಂದರು.

೫. ಮದ್ರಾಸಿನ ಡಬ್ಬಿ

ಎರಡು ವರ್ಷ ಕಳೆಯಿತು. ಮದ್ರಾಸಿನ ಅದೇ ಕಂಪನಿಯ ಸೇಲ್ಸ್‌ಮನ್ ಟೈ ಕಟ್ಟಿಕೊಂಡು ಬಂದರು. ಮೇಜಿನ ಮೇಲೆ ಒಂದು ಹೊಳೆಯುವ ಡಬ್ಬಿ ಇಟ್ಟರು. ಹೊಸ ಹಾಜರಿ ಪ್ರೋಗ್ರಾಮು, ನಮ್ಮ ತಜ್ಞರ ಎರಡು ವರ್ಷದ ಶ್ರಮ ಅಂದರು. ಡಬ್ಬಿಯ ಮೇಲೆ ಸೀಲು. ಸೀಲು ಒಡೆದರೆ ಷರತ್ತು ಒಪ್ಪಿದ ಹಾಗೆ: ಕಾಪಿ ಮಾಡಬಾರದು, ಬೇರೆಯವರಿಗೆ ಕೊಡಬಾರದು, ಒಳಗೆ ನೋಡಬಾರದು, ಬದಲಾಯಿಸಬಾರದು.

ಮ್ಯಾನೇಜರ್, ಕಾರ್ಯದರ್ಶಿ, ನಾನು ಮೂವರೂ ಕೂತೆವು. ಸೇಲ್ಸ್‌ಮನ್ ತಮ್ಮ ಬಳಿಯಿದ್ದ ಇನ್ನೊಂದು ಫ್ಲಾಪಿ ಹಾಕಿ ತೋರಿಸಿದರು. ಮೊದಲ ಪರದೆಯಲ್ಲಿ ಅವರ ಕಂಪನಿಯ ಹೆಸರು ದೊಡ್ಡದಾಗಿ ಬಂತು. ಹೆಸರಿಗೆ ಮೂವತ್ತು ಅಕ್ಷರದ ಜಾಗ ಇದೆ ಅಂದಾಗ ನನಗೆ ಏನೋ ಕಸಿವಿಸಿ. ಆಮೇಲೆ, ನಮ್ಮ ದೊಡ್ಡ ಗ್ರಾಹಕರೊಬ್ಬರ ನೌಕರರ ನಿಜವಾದ ಪಟ್ಟಿ ನೋಡಿ ಅಂತ ಒಂದು ಗುಂಡಿ ಒತ್ತಿದರು.

ಪರದೆಯ ಮೇಲೆ ಸಾಲಾಗಿ ಬಂತು: ಗೌರಿ, ಕೆಂಪಿ, ಬೋರ, ಕರಿಯ, ಚುಕ್ಕಿ.

ಎಲ್ಲವೂ ನನಗೆ ಗೊತ್ತಿದ್ದ ಹೆಸರುಗಳೇ. ಪ್ರೋಗ್ರಾಮು ಬರೆಯುವಾಗ ಪರೀಕ್ಷೆಗೆ ಒಂದಿಷ್ಟು ಹೆಸರು ಬೇಕಾಗಿತ್ತು. ಕಾರ್ಖಾನೆಯವರ ಹೆಸರು ಹಾಕಿ ಏನಾದರೂ ಎಡವಟ್ಟಾದರೆ ಮತ್ತೆ ಯಾರಿಗಾದರೂ ನೋಟಿಸ್ ಹೋದೀತು ಅಂತ, ಯಾವತ್ತೂ ದೂರು ಕೊಡದವರ ಹೆಸರು ಹಾಕಿದ್ದೆ. ನಮ್ಮ ಮನೆಯ ದನಗಳ ಹೆಸರು. ಊರೂರು ಸುತ್ತಿದ ಪ್ರೋಗ್ರಾಮನ್ನು ಮದ್ರಾಸಿನವರು ಎಲ್ಲಿಂದಲೋ ಎತ್ತಿಕೊಂಡು, ನಾವೆಲ್ಲ ಬರೆದಿದ್ದ ಸಾಲುಗಳನ್ನು ಅಳಿಸಿ, ಬೀಗ ಹಾಕಿ ನಮಗೇ ಮಾರಲು ತಂದಿದ್ದರು. ದನಗಳನ್ನು ಅಳಿಸುವುದು ಮಾತ್ರ ಮರೆತಿದ್ದರು.

ಮ್ಯಾನೇಜರ್‌ಗೆ ಕನ್ನಡ ಅಷ್ಟಕ್ಕಷ್ಟೆ. ಆಸಕ್ತಿಯಿಂದ ನೋಡುತ್ತಾ, ಇವರೆಲ್ಲ ಹೇಗೆ ಕೆಲಸ ಮಾಡುತ್ತಾರೆ ಅಂತ ಕೇಳಿದರು. ತುಂಬ ಶಿಸ್ತಿನವರು, ವರ್ಷದಲ್ಲಿ ಒಬ್ಬರೂ ಒಂದು ದಿನ ರಜ ಹಾಕಿಲ್ಲ, ಯೂನಿಯನ್ ತಕರಾರೂ ಇಲ್ಲ ಅಂದರು ಸೇಲ್ಸ್‌ಮನ್. ವಿಭಾಗದ ಜಾಗದಲ್ಲಿ ಐವರಿಗೂ KOTTIGE ಅಂತ ಇತ್ತು. ಇದು ಯಾವ ವಿಭಾಗ ಅಂತ ಮ್ಯಾನೇಜರ್ ಕೇಳಿದರು. ಸೇಲ್ಸ್‌ಮನ್ ಪರದೆಯನ್ನು ಒಂದು ಕ್ಷಣ ದಿಟ್ಟಿಸಿ, ಕಾಟೇಜ್ ಇಂಡಸ್ಟ್ರಿ ವಿಭಾಗ ಅಂದರು.

ಕಾರ್ಯದರ್ಶಿ ಕರ್ಚೀಫು ತೆಗೆದು ಬಾಯಿಗೆ ಒತ್ತಿಕೊಂಡರು. ಅವರ ಭುಜ ಕುಣಿಯುತ್ತಿತ್ತು.

ನಾನು ಎದ್ದು ನಿಂತೆ. ನಮ್ಮ ಮನೆಯ ಕೊಟ್ಟಿಗೆ ಅದು ಸಾರ್, ಇವರೆಲ್ಲ ಅಲ್ಲೇ ಕಟ್ಟಿರೋರು ಅಂತ ತಮಿಳಿನಲ್ಲೇ ಬಿಡಿಸಿ ಹೇಳಿದೆ. ಬೀರುವಿನಲ್ಲಿದ್ದ ನನ್ನ ಫ್ಲಾಪಿ ತಂದು ಹಾಕಿದೆ. ಅದೇ ಗೌರಿ, ಅದೇ ಕೆಂಪಿ, ಅದೇ ಕೊಟ್ಟಿಗೆ. ಸೇಲ್ಸ್‌ಮನ್ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡರು. ಮ್ಯಾನೇಜರ್ ಬೈಯಲಿಲ್ಲ. ಅವರನ್ನು ಕೂರಿಸಿ ಕಾಫಿ ಕುಡಿಸಿದರು, ಹೊರಡುವಾಗ ನನ್ನ ಪ್ರೋಗ್ರಾಮಿನ ಒಂದು ಕಾಪಿಯನ್ನು ಅವರ ಕೈಗಿಟ್ಟು, ಇದನ್ನು ನಿಮ್ಮವರಿಗೆ ಕೊಡಿ, ಒಳಗೆ ಏನಿದೆ ಅಂತ ಓದಬಹುದು, ನಮ್ಮದೇನೂ ಅಭ್ಯಂತರವಿಲ್ಲ ಅಂದರು. ಅವತ್ತು ನನಗೆ ಅವರ ಮೇಲೆ ಬಂದ ಗೌರವ ಇವತ್ತಿಗೂ ಇದೆ.

ಸಂಜೆ ಮನೆಗೆ ಬಂದು ನಮ್ಮಮ್ಮನಿಗೆ ಎಲ್ಲ ಹೇಳಿದೆ. ಅವರು ಹಾಲು ಕರೆಯುತ್ತಿದ್ದರು. ನಗುತ್ತಾರೆ ಅಂದುಕೊಂಡಿದ್ದೆ. ನಗಲಿಲ್ಲ, ಚೆಂಬು ಕೆಳಗಿಟ್ಟರು.

"ಕೆಂಪೀನ ಹೋದೊರ್ಸಾನೇ ಸಂತೇಲಿ ಮಾರ್ಬುಟ್ವಲ್ಲೋ. ಅದರ ಹೆಸ್ರು ಹೊಡೆದಾಕಕ್ಕೆ ಹೇಳ್ಬೇಕಾಗಿತ್ತು ಕಣ್ಲಾ."

ಆಗಲ್ಲ ಕಣಮ್ಮ, ಸೀಲು ಹಾಕಿಬಿಟ್ಟಿದ್ದಾರೆ, ಒಳಗೆ ಯಾರೂ ಏನೂ ಬದಲಾಯಿಸೋ ಹಾಗಿಲ್ಲ ಅಂದೆ.

ಅಮ್ಮ ಖಾಲಿ ಇದ್ದ ಕೆಂಪಿಯ ಗೂಟದ ಕಡೆ ನೋಡಿದರು. "ಅಯ್ಯೋ ಪಾಪ," ಅಂದರು, "ಮಾರಿದ್ ಮ್ಯಾಲೂ ಅದು ಮದ್ರಾಸ್ನಾಗೆ ಡ್ಯೂಟಿ ಮಾಡ್ತಾನೇ ಇರ್ಬೇಕಾ?"