ನನ್ನ ಹೆಂಡತಿಯನ್ನು ಗುರುತು ಹಿಡಿದ ಕಂಪ್ಯೂಟರು

ಸಾವಿನ ಮನೆಯಲ್ಲಿ ನಗು ಬರುವಂಥದ್ದು ನಡೆಯಬಾರದು. ಆದರೆ ಕಂಪ್ಯೂಟರ್ ಇರುವ ಮನೆಯಲ್ಲಿ ನಡೆಯುತ್ತಲೇ ಇರುತ್ತದೆ. ನಡೆದದ್ದನ್ನು ನಡೆದ ಹಾಗೆಯೇ ಬರೆದಿದ್ದೇನೆ.

ಮೊಣಕಾಲಿನ ಪಟ್ಟಿ

ನಾನು ಮಧುಗಿರಿಯಲ್ಲಿ ಹೈಸ್ಕೂಲು ಮೇಷ್ಟ್ರು. ನನ್ನ ಹೆಂಡತಿ ತೀರಿಕೊಂಡು ಆರು ತಿಂಗಳಾದ ಮೇಲೂ ಮನೆಯ ಕಂಪ್ಯೂಟರು ಅವಳಿಗಾಗಿ ಕಾಯುತ್ತಿತ್ತು. ಅವಳು ಒಮ್ಮೆ ಮೊಣಕಾಲಿಗೆ ಹಾಕುವ ಪಟ್ಟಿಯನ್ನು ಹುಡುಕಿದ್ದಳು, ಕೊಂಡಿರಲಿಲ್ಲ. ನಾನು ಮಕ್ಕಳ ಅಂಕ ತುಂಬಲು ಕುಳಿತರೂ ಪರದೆಯ ಪಕ್ಕದಲ್ಲಿ ಆ ಪಟ್ಟಿಯ ಜಾಹೀರಾತು ಬರುತ್ತಿತ್ತು. ಒಂದು ದಿನ ಅದರ ಕೆಳಗೆ, “ನೀವು ಬಂದು ಬಹಳ ದಿನವಾಯಿತು, ನಿಮ್ಮ ನೆನಪಾಗುತ್ತಿದೆ” ಎಂದು ಬರೆದಿತ್ತು.

ಸಾರು ಕೊಡಲು ಬಂದ ಪಕ್ಕದ ಮನೆಯಾಕೆ ಅದನ್ನು ಓದಿ ಬಟ್ಟಲು ಕೆಳಗಿಟ್ಟರು.

“ಅಲ್ಲ ಮೇಷ್ಟ್ರೇ, ಮಂಡಿನೋವು ಇದ್ದಿದ್ದು ಇದುಕ್ಕೆ ಹೆಂಗೆ ಗೊತ್ತಾಯ್ತು?”

“ಹುಡುಕಿದ್ದನ್ನು ನೆನಪಿಟ್ಟುಕೊಳ್ಳುತ್ತದಮ್ಮ.”

“ಮಂಡಿನೋವು ಗೊತ್ತಾಗಿದ್ದುಕ್ಕೆ ತಿಥಿ ಗೊತ್ತಾಗ್ಲಿಲ್ವಾ? ಊಟಕ್ಕೆ ಕರೀಬೇಕಿತ್ತು ಬುಡಿ.”

ಹೆಡ್‌ಮಾಸ್ಟರ ಚಪ್ಪಲಿ

ಅದೇ ತಿಂಗಳು ಶಿರಾದಲ್ಲಿ ನಮಗೆಲ್ಲ ಒಂದು ದಿನದ ತರಬೇತಿ ಇತ್ತು. ಜಾಲತಾಣಗಳು ನಮ್ಮನ್ನು ಹೇಗೆ ಗುರುತು ಹಿಡಿಯುತ್ತವೆ, ನಮ್ಮನ್ನು ನಾವು ಹೇಗೆ ಕಾಪಾಡಿಕೊಳ್ಳಬೇಕು ಎಂದು ಒಬ್ಬ ಹುಡುಗಿ ಪಾಠ ಮಾಡಿದಳು. ನಾವು ಹೋದ ಪ್ರತಿ ತಾಣವೂ ನಮ್ಮ ಕಂಪ್ಯೂಟರಿನಲ್ಲಿ ಕುಕೀ ಎಂಬ ಒಂದು ಗುರುತಿನ ಚೀಟಿ ಇಟ್ಟು ಹೋಗುತ್ತದಂತೆ. ಚೀಟಿ ಅಳಿಸಿದರೂ ಪರದೆಯ ಅಳತೆ, ಭಾಷೆ, ಊರು ಇವನ್ನೆಲ್ಲ ಕೂಡಿಸಿ ಇಂಥವರೇ ಎಂದು ಊಹಿಸುತ್ತದಂತೆ.

ನಮ್ಮ ಹೆಡ್‌ಮಾಸ್ಟರು ಎದ್ದು ನಿಂತರು. “ಹೆಸರೇ ಹೇಳದೆ ಹೇಗಮ್ಮ ಗುರುತು ಹಿಡೀತದೆ?”

“ನೀವು ಬರ್ತಿದ್ರೆ ಚಪ್ಪಲಿ ಸದ್ದಿಗೇ ಮಕ್ಕಳು ಸುಮ್ಮನಾಗಲ್ವಾ ಸರ್? ಹಾಗೇ.”

ಅವರು ಮರುದಿನವೇ ಸದ್ದಿಲ್ಲದ ರಬ್ಬರ್ ಚಪ್ಪಲಿ ಹಾಕಿಕೊಂಡು ಬಂದರು. ಕಳ್ಳಹೆಜ್ಜೆಯಲ್ಲಿ ಒಂಬತ್ತನೇ ತರಗತಿಯ ಬಾಗಿಲಿಗೆ ಬರುವಷ್ಟರಲ್ಲಿ ಒಳಗಿನಿಂದ ಪಿಸುಮಾತು ಕೇಳಿತು: “ಲೇ, ನಶ್ಯದ ವಾಸ್ನೆ ಕಣ್ಲಾ! ಪುಸ್ತಕ ತೆಗೀರ್ಲಾ!”

ವಳ್ಳೂರಿನವನ ಸಂಸಾರ

ನಾನು ತರಬೇತಿಯಲ್ಲಿ ಹೇಳಿದಂತೆ ಮನೆಗೆ ಬಂದು ಕುಕೀಗಳನ್ನೆಲ್ಲ ಅಳಿಸಿದೆ. ಮೊಣಕಾಲಿನ ಪಟ್ಟಿ ಹೋಯಿತು. ಜೊತೆಗೆ, ಆ ಕಂಪ್ಯೂಟರಿನಲ್ಲಿ ಯಾವಾಗಲೂ ತೆರೆದೇ ಇರುತ್ತಿದ್ದ ಅವಳ ಇಮೇಲ್ ಖಾತೆಯೂ ಮುಚ್ಚಿಕೊಂಡಿತು. ಅವಳ ಫೋನು ಆಸ್ಪತ್ರೆಯಲ್ಲೇ ಕಳೆದುಹೋಗಿತ್ತು. ಅದರಲ್ಲಿದ್ದ ಫೋಟೋಗಳು, ಅವಳ ದನಿ, ಎಲ್ಲ ಉಳಿದಿದ್ದದ್ದು ಆ ಖಾತೆಯಲ್ಲಿ ಮಾತ್ರ. ಪಾಸ್‌ವರ್ಡ್ ನನಗೆ ಗೊತ್ತಿರಲಿಲ್ಲ. ಬಹಳ ಕಾಲ ಯಾರೂ ತೆರೆಯದ ಖಾತೆಯನ್ನು ಅಳಿಸಿಬಿಡುತ್ತಾರೆಂದು ತರಬೇತಿಯ ಹುಡುಗಿಯೇ ಹೇಳಿದ್ದಳು.

ಖಾತೆ ತೆರೆಯುವ ಓಟಿಪಿ ಅವಳ ಹಳೆಯ ನಂಬರಿಗೆ ಹೋಗುತ್ತಿತ್ತು. ಆ ನಂಬರನ್ನು ಕಂಪನಿಯವರು ಬೇರೆ ಯಾರಿಗೋ ಕೊಟ್ಟಿದ್ದರು. ಫೋನು ಮಾಡಿದೆ.

“ಎವರಣ್ಣಾ?” ಎಂದು ತೆಲುಗಿನಲ್ಲಿ ಕೇಳಿದ ಆ ಕಡೆಯವನು. ಪಾವಗಡದ ವಳ್ಳೂರಿನಲ್ಲಿ ಸೋಲಾರ್ ಪ್ಯಾನೆಲ್ ತೊಳೆಯುವ ಕೆಲಸದವನಂತೆ.

ವಿಷಯ ಹೇಳಿದೆ. ಅವನು ನಿಟ್ಟುಸಿರು ಬಿಟ್ಟ. “ಅಯ್ಯೋ ಸಾಮೀ, ಈ ನಂಬರ್ ತಗಂಡಾಗಿಂದ ನಂಗೆ ಬರೀ ಸೀರೆ ಅಂಗ್ಡಿ ಮೆಸೇಜು. ‘ಅಕ್ಕಾ, ನಿನ್ನ ಬ್ಲೌಸ್ ರೆಡಿ’ ಅಂತ ಒಬ್ಳು ಫೋನ್ ಮಾಡಿದ್ಲು. ನಮ್ಮನೆಯೋಳು ನಂಗೆ ಎರಡು ದಿನ ಅನ್ನ ಇಕ್ಕಲಿಲ್ಲ.”

“ಈಗ ಒಂದು ಓಟಿಪಿ ಬಂದಿರುತ್ತದೆ. ಓದಿ ಹೇಳುತ್ತೀರಾ?”

“ನೀವೇನ್ ಕೆಲ್ಸ ಮಾಡ್ತೀರಣ್ಣಾ?”

“ಮೇಷ್ಟ್ರು.”

“ಮೊದ್ಲು ಕಳ್ಳರು ಬ್ಯಾಂಕ್ ಮ್ಯಾನೇಜರ್ ಅಂತಿದ್ರು. ಈಗ ಮೇಷ್ಟ್ರು ಅಂತಾರೆ. ಅದ್ರಲ್ಲಿ ಹೆಂಡ್ತಿನ್ ಬೇರೆ ಸಾಯಿಸ್ತಾರೆ!”

ಫೋನು ಇಟ್ಟ. ಅವನು ಮಾಡಿದ್ದು ಸರಿಯಾಗಿಯೇ ಇತ್ತು. ತರಗತಿಯಲ್ಲಿ ನಾನು ಹೇಳಿಕೊಡುವುದೂ ಅದನ್ನೇ.

ತಾಯಿಯ ಹೆಸರು

ಉಳಿದದ್ದು ಒಂದೇ ದಾರಿ. “ನಿಮ್ಮ ತಾಯಿಯ ಹೆಸರೇನು?” ಎಂಬ ಪ್ರಶ್ನೆಗೆ ಉತ್ತರ ಕೊಟ್ಟರೆ ಖಾತೆ ತೆರೆಯುತ್ತಿತ್ತು. ನನ್ನ ಅತ್ತೆಯ ಹೆಸರು ಬರೆದೆ. ತಪ್ಪು ಎಂದಿತು. ಅವರ ತವರಿನಲ್ಲಿ ಕರೆಯುತ್ತಿದ್ದ ಹೆಸರು ಬರೆದೆ. ಅದೂ ತಪ್ಪು.

ನನ್ನ ಹೆಂಡತಿ ಕೊಳಾಲದ ಕಡೆಯವಳು. ಮದುವೆಗೆ ಮುಂಚೆ ಕೆಲಸಕ್ಕೆ ಅರ್ಜಿ ಹಾಕಲು ಕೊರಟಗೆರೆಯ ಒಂದು ಸೈಬರ್ ಅಂಗಡಿಯಲ್ಲಿ ಆ ಖಾತೆ ಮಾಡಿಸಿದ್ದಳು. ಭಾನುವಾರ ಅಲ್ಲಿಗೆ ಹೋದೆ. ಮನೆಯ ಮುಂದಿನ ಕೋಣೆಯೇ ಅಂಗಡಿ. ಮಾಲೀಕ ನನ್ನ ಮಾತು ಕೇಳಿ ತಲೆ ಕೆರೆದುಕೊಂಡ.

“ಸಾ, ಆವಾಗ ಕ್ಯೂ ಅಂದ್ರೆ ಕ್ಯೂ. ಯಾವಾಗ ಕರೆಂಟ್ ಹೋಗ್ತದೋ ಅಂತ ಭಯ. ಒಬ್ಬೊಬ್ರನ್ನೂ ತಾಯಿ ಹೆಸ್ರು ಕೇಳ್ತಾ ಕೂತ್ರೆ ಆಗ್ತಿರ್ಲಿಲ್ಲ. ಎಲ್ರಿಗೂ ನಮ್ಮಮ್ಮನ ಹೆಸ್ರೇ ಹಾಕ್‌ಬುಟ್ಟೆ.”

ಹೆಸರನ್ನು ಬಾಯಲ್ಲಿ ಹೇಳಿಕೊಳ್ಳುತ್ತಾ ಟೈಪ್ ಮಾಡಿದ. ಖಾತೆ ತೆರೆಯಿತು. ಮೊದಲ ಫೋಟೋದಲ್ಲಿ ಅವಳು ನಮ್ಮ ಹಿತ್ತಲಿನಲ್ಲಿ ಬಟ್ಟೆ ಒಣಗಹಾಕುತ್ತಿದ್ದಳು. ನಾನು ನೋಡುತ್ತಾ ಕುಳಿತೆ.

ಒಳಗೆ ಅವರೆಕಾಯಿ ಸುಲಿಯುತ್ತಿದ್ದ ಅವನ ತಾಯಿ ಬಾಗಿಲಿಗೆ ಬಂದರು. “ಏನ್ಲಾ ಅದು, ನನ್ನ ಹೆಸ್ರು?”

ಮಗ ಎಲ್ಲ ಹೇಳಿದ. ಆಕೆ ಪರದೆಯನ್ನೇ ದಿಟ್ಟಿಸಿ ನೋಡಿದರು. ಆಮೇಲೆ ಮಗನ ಬೆನ್ನಿಗೆ ಒಂದು ಗುದ್ದು ಬಿತ್ತು.

“ಇಂಥ ಮಗಳು ನಂಗೆ ಇದ್ಲು, ಸತ್ತೂ ಹೋದ್ಲು, ಒಂದ್ ಮಾತು ಹೇಳ್ಲಿಲ್ವಲ್ಲೋ ಲೇ!” ಎಂದು ಸೆರಗಿನಿಂದ ಕಣ್ಣು ಒರೆಸಿಕೊಂಡು ನನ್ನ ಕಡೆ ತಿರುಗಿದರು. “ಏಳಿ ಅಳಿಯಂದ್ರೇ, ಕೈಕಾಲು ತೊಳ್ಕಳಿ. ಒಂದ್ ಮುದ್ದೆ ಉಂಡೋಗಿ.”

ಪ್ರಿಂಟ್ ತೆಗೆಸಲು ನಿಂತಿದ್ದ ಒಬ್ಬ ಆಸಾಮಿ ಮುಂದೆ ಬಂದ. “ಅವ್ವಾ, ನನ್ನ ಖಾತೆನೂ ಇವನೇ ಮಾಡಿದ್ದು. ಅಂಗಾರೆ ನಾನೂ ನಿನ್ನ ಮಗನೇ. ನಂಗೂ ಇಕ್ಕು.”

“ನೀನು ಗುಂಡುಕಲ್ಲಂಗೆ ಬದುಕಿದ್ದೀಯಲ್ಲೋ. ಮನೇಗೋಗಿ ಉಣ್ಣು.”

ನಾನು ಉಂಡು ಬಂದು ಮತ್ತೆ ಕಂಪ್ಯೂಟರಿನ ಮುಂದೆ ಕುಳಿತಾಗ ಮಾಲೀಕ ತಗ್ಗಿದ ದನಿಯಲ್ಲಿ ಹೇಳಿದ: “ಸಾ, ಈಗ್ಲಾದ್ರೂ ಆ ತಾಯಿ ಹೆಸ್ರು ಬದ್ಲಾಯಿಸ್‌ಬುಡಿ. ನಮ್ಮಮ್ಮನ ಹೆಸ್ರು ಊರಿಗೆಲ್ಲ ಗೊತ್ತು. ಯಾರಾದ್ರೂ ಒಳಗೆ ಬಂದ್ಬುಡ್ತಾರೆ.”

ಸುರಕ್ಷತೆಯ ದೃಷ್ಟಿಯಿಂದ ಅವನ ಮಾತು ಸರಿಯಾಗಿತ್ತು. ಕೀಲಿಮಣೆಗೆ ಕೈ ಹಾಕಿದೆ. ಹಿಂದಿನಿಂದ ಆಕೆಯ ದನಿ ಬಂತು:

“ಸತ್ತೋದೋಳಿಗೆ ತಾಯಿನ್ ಬದ್ಲಾಯಿಸ್ತಾರೇನ್ಲಾ ಯಾರಾದ್ರೂ?”