ಕಾಗೆಯ ಪಾಲು

ಹನ್ನೆರಡೂವರೆಗೆ ಊಟ ಎಂಬ ಮಾತನ್ನು ನಂಬಿ ಗೋವರ್ಧನ ಮಾಷ್ಟ್ರು ಹನ್ನೆರಡಕ್ಕೇ ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿದ್ದು ಆ ದಿನದ ಮೊದಲ ತಪ್ಪು. ಹೆಮ್ಮಾಡಿಯಲ್ಲಿ ಹನ್ನೆರಡೂವರೆ ಎಂದರೆ ಎಷ್ಟು ಗಂಟೆ ಎಂಬುದು ಅರವತ್ತೇಳು ವರ್ಷದ ಮನುಷ್ಯನಿಗೆ ಗೊತ್ತಿರಬೇಕಿತ್ತು.

ಊಟ ಪಕ್ಕದ ಮನೆಯಲ್ಲೇ. ಹೆಡ್‌ಮಾಷ್ಟ್ರಾಗಿ ನಿವೃತ್ತರಾಗಿದ್ದ ಭೋಜರಾಜ ಶೆಟ್ಟರು ತೀರಿಕೊಂಡು ಹದಿಮೂರು ದಿನ, ಅವತ್ತು ಅವರ ಬೊಜ್ಜ, ಉತ್ತರಕ್ರಿಯೆಯ ಊಟ. ಇಬ್ಬರೂ ಕೋಟದ ಕಡೆಯ ಒಂದೇ ಹೈಸ್ಕೂಲಿನಲ್ಲಿ ಪಾಠ ಮಾಡಿದವರು, ನಲವತ್ತು ವರ್ಷದ ಗೆಳೆಯರು.

ಗೋವರ್ಧನ ಮಾಷ್ಟ್ರ ಬದುಕನ್ನು ಕೆಡಿಸಿದ್ದು ಒಂದು ಮೂಗರ್ಜಿ. ಇಪ್ಪತ್ತಾರು ವರ್ಷದ ಹಿಂದೆ ಯಾರೋ ಹೆಸರಿಲ್ಲದವರು ಇಲಾಖೆಗೆ ಬರೆದರು: ಈ ಮಾಷ್ಟ್ರು ಪರೀಕ್ಷೆಯಲ್ಲಿ ಕಾಪಿ ಹೊಡೆಸುತ್ತಾರೆ. ಇನ್ನೇನು ಹೆಡ್‌ಮಾಷ್ಟ್ರಾಗಬೇಕಿದ್ದವರನ್ನು ರಾಯಚೂರಿನ ಕಡೆಗೆ ಎಸೆದರು. ಹನ್ನೊಂದು ವರ್ಷ ಅಲ್ಲಿ. ಹೆಂಡತಿ ವನಜ ಒಬ್ಬರೇ ಇಲ್ಲಿ ಮಕ್ಕಳನ್ನು ಸಾಕಿದರು. ತಾಯಿ ತೀರಿಕೊಂಡಾಗ ಮಾಷ್ಟ್ರು ಎರಡು ಬಸ್ಸು ಬದಲಿಸಿ ಬರುವಷ್ಟರಲ್ಲಿ ಚಿತೆ ಆರಿತ್ತು. ಅವತ್ತು ದೇವರ ದೀಪದ ಎದುರು ವನಜನ ಕೈ ಹಿಡಿದು ಆಣೆ ಹಾಕಿದರು: ಬರೆದವನು ಯಾರೇ ಇರಲಿ, ಈ ಮನೆಯ ಹೊಸಿಲು ದಾಟಿಸುವುದಿಲ್ಲ. ವರ್ಗವಾಗಿ ಊರಿಗೆ ಮರಳಿದ ಮೇಲೆ ಪ್ರತಿ ಭಾನುವಾರ ಭೋಜರಾಜರ ಜೊತೆ ಕೂತು ಅವನನ್ನು ಹುಡುಕಿದ್ದೇ ಹುಡುಕಿದ್ದು. ಗೆಳೆಯನೆಂದರೆ ಹಾಗಿರಬೇಕು, ಭೋಜರಾಜರು ಪ್ರತಿ ವಾರ ಹೊಸ ಹೊಸ ಹೆಸರು ಹೇಳುತ್ತಿದ್ದರು.

ಇದೇ ಚಿಂತೆಯಲ್ಲಿ ಅಪ್ಪನ ತಲೆ ಕೆಡುತ್ತದೆಂದು ಹೆದರಿ ಮಗಳು ನವ್ಯಾ ಮೊಬೈಲಿನಲ್ಲಿ ಒಂದು ಕೋರ್ಸಿಗೆ ಸೇರಿಸಿದಳು. ಇಂಗ್ಲೆಂಡಿನ ಹಳ್ಳಿಗಳ ಸಾಮಾಜಿಕ ಇತಿಹಾಸ, ಪೂರ್ತಿ ಬಿಟ್ಟಿ. ಅಲ್ಲಿಂದ ಮಾಷ್ಟ್ರಿಗೆ ಬೇರೆ ಲೋಕವೇ ಇಲ್ಲ. ಅಲ್ಲಿಯ ಇಗರ್ಜಿಯಲ್ಲಿ ಯಾವ ಮನೆಯವರು ಯಾವ ಬೆಂಚಿನಲ್ಲಿ ಕೂರುತ್ತಿದ್ದರು, ಹೆಣಕ್ಕೆ ಉಣ್ಣೆ ಬಟ್ಟೆಯನ್ನೇ ಸುತ್ತಬೇಕೆಂದು ಯಾವ ಕಾಲದಲ್ಲಿ ಕಾನೂನಿತ್ತು, ಎಲ್ಲ ಬಾಯಿಪಾಠ. ಅವರು ಬಸ್‌ಸ್ಟಾಪಿಗೆ ಬಂದರೆ ಜನ ಬಸ್ಸಿಗೆ ಕಾಯದೆ ಆಟೋ ಹತ್ತುತ್ತಿದ್ದರು.

ಗಂಟೆ ಎರಡಾಯಿತು. ಅಂಗಳದ ಸುತ್ತಿನ ಪಾಗಾರದ ಗೋಡೆಯ ಮೇಲೆ ಬಾಳೆಲೆಯಲ್ಲಿ ಅನ್ನ, ಸಾರು, ವಡೆ, ಪಾಯಸ ಇಟ್ಟು ನಲವತ್ತು ಜನ ಕಾಯುತ್ತಿದ್ದರು. ಕಾಗೆ ಬರಲಿಲ್ಲ. ಸತ್ತವರ ಆಸೆ ಏನಾದರೂ ಉಳಿದಿದ್ದರೆ ಕಾಗೆ ಮುಟ್ಟುವುದಿಲ್ಲ, ಕಾಗೆ ಮುಟ್ಟದೆ ಯಾರೂ ಉಣ್ಣುವಂತಿಲ್ಲ.

ಭೋಜರಾಜರ ಅಕ್ಕ ಕುಸುಮಾವತಿ ಎಲೆಯ ಎದುರು ಕೈ ಮುಗಿದರು. "ಭೋಜ, ನಿನ್ ಮಗ್ಳ್ ಅನಿಷಾನ ಮದಿ ನಾವ್ ಚಂದ ಮಾಡ್ತ್. ನೀ ಎಂತ ಚಿಂತಿ ಮಾಡ್ಬೇಡ."

ಕಾಗೆ ಇಲ್ಲ. ಮುಂಬಯಿಯಲ್ಲಿ ಹೋಟೆಲಿಟ್ಟಿದ್ದ ಭಾವಮೈದ ರತೀಶ್ ಮುಂದೆ ಬಂದ. "ಭಾವ, ಹಂಚ್ ತೆಗ್ದ್ ಟೆರೇಸ್ ಹಾಕ್ಸ್ತೆ. ಬೇಗ ಬನ್ನಿ, ನಂಗ್ ಆರ್ ಗಂಟಿಗೆ ಫ್ಲೈಟ್ ಇತ್ತ್."

ಭೋಜರಾಜರ ಹೆಂಡತಿ ಸರಸ ಮಾತ್ರ ಎರಡು ಸಲ ಬಾಯಿ ತೆರೆದು ಮುಚ್ಚಿದರು. ಎರಡು ಸಲವೂ ಮಾಷ್ಟ್ರ ಕಡೆಗೇ ನೋಡಿದರು. ತನ್ನ ಹಸಿವು ಇವರೊಬ್ಬರಿಗಾದರೂ ತಿಳಿಯಿತಲ್ಲ ಎಂದು ಮಾಷ್ಟ್ರಿಗೆ ಕಣ್ಣು ತುಂಬಿ ಬಂತು.

ಅಷ್ಟರಲ್ಲಿ ಮಾತ್ರೆ ತನ್ನ ಕೆಲಸ ಶುರು ಮಾಡಿತ್ತು. ಸಕ್ಕರೆ ಇಳಿದು ಮೈಯೆಲ್ಲ ಬೆವರು. ಮನೆಗೆ ಓಡಿ ಒಂದು ಚಮಚ ಸಕ್ಕರೆ ಬಾಯಿಗೆ ಹಾಕಿಕೊಳ್ಳಬಹುದಿತ್ತು. ಆದರೆ ಬೊಜ್ಜದ ಮನೆಯಿಂದ ಉಣ್ಣದೆ ಎದ್ದರೆ ಕುಸುಮಾವತಿ ಮುಂದಿನ ಬೊಜ್ಜದವರೆಗೂ ಅದನ್ನೇ ಹೇಳುತ್ತಾರೆ. ಮಾಷ್ಟ್ರಿಗೆ ತೋಚಿದ್ದು ಪಾಠ ಒಂದೇ.

"ಇಂಗ್ಲೆಂಡಿನ ಕೆಲವ್ ಹಳ್ಳಿಲಿ ಹಿಂದೆ ಈ ಕಾಕಿ ಕಾವ ಕೆಲ್ಸವೇ ಇರ್ಲಿಲ್ಲ," ಎಂದರು. "ಪಾಪ ತಿಂಬವ ಅಂದ್ಹೇಳಿ ಒಬ್ಬ ಇರ್ತಿದ್ದ. ಹೆಣದ ಮೇಲಿಂದ ರೊಟ್ಟಿ ಕೊಡ್ತಿದ್ರ್. ಅವ ತಿಂದ್ರೆ ಸತ್ತವ್ರ ಪಾಪ ಪೂರಾ ಅವ್ನಿಗೆ. ಎಲ್ಲ ಸುಸೂತ್ರ."

ತಿಂದವನನ್ನು ಆಮೇಲೆ ಯಾರೂ ಹೊಸಿಲು ಮೆಟ್ಟಿಸುತ್ತಿರಲಿಲ್ಲ, ಎದುರು ಸಿಕ್ಕರೆ ಊರೇ ಮುಖ ತಿರುಗಿಸುತ್ತಿತ್ತು ಎಂಬ ಪಾಠದ ಕೊನೆಯ ಭಾಗವನ್ನು ಹಸಿವಿನಲ್ಲಿ ಬಿಟ್ಟರು.

"ಅರೆ, ಹಾಂಗಾರೆ ನೀವೇ ತಿನ್ನಿ ಮಾಷ್ಟ್ರೇ!" ರತೀಶ್ ಗಡಿಯಾರ ನೋಡಿದ. "ಭಾವನ ಜೀವದ್ ಗೆಳೆಯ ಅಲ್ದಾ?"

"ನಾನಾ?" ಎಂದರು ಮಾಷ್ಟ್ರು. ವಡೆಯ ವಾಸನೆ ಮೂಗಿಗೆ ಬಡಿಯಿತು. ಕಾಲು ತಾನಾಗಿ ಪಾಗಾರದ ಕಡೆ ಹೋಯಿತು.

ಕುಸುಮಾವತಿ ತಡೆದರು. "ಸುಮ್ನೆ ತಿಂದ್ರೆ ಆತಿಲ್ಲ. ಅಲ್ಲಿ ಎಂತಾರೂ ಹೇಳ್ತಿದ್ರಾ?"

"ಹೇಳ್ತಿದ್ರ್."

"ಹಾಂಗಾರೆ ಹೇಳಿ. ಸಮಾ ಹೇಳಿ."

ಮಾಷ್ಟ್ರು ಹಿಂದಿನ ಬೆಂಚಿಗೂ ಕೇಳುವ ದನಿಯಲ್ಲಿ ಹೇಳಿದರು: "ಭೋಜರಾಜ ಮಾಡಿದ್ ಪಾಪ ಎಂತೆಂತ ಇತ್ತೋ, ಅದೆಲ್ಲ ಇವತ್ತಿಂದ ನನ್ದ್. ಮಾಡಿದ್ದ್ ಅವ್ರಲ್ಲ, ನಾನ್. ಅವ್ರ್ ಸುಖವಾಗಿ ಹೋಗ್ಲಿ." ಹೆಂಗಸರ ನಡುವೆ ನಿಂತಿದ್ದ ವನಜ ಹಣೆ ಚಚ್ಚಿಕೊಂಡರು. ಮಾಷ್ಟ್ರು ಎಲೆಗೆ ಕೈ ಹಾಕಿದರು, ಎರಡೇ ನಿಮಿಷದಲ್ಲಿ ಎಲೆ ಖಾಲಿ.

ಜನ ಊಟಕ್ಕೆ ಕೂತರು. ಮಾಷ್ಟ್ರ ಎಡಕ್ಕೆ ಎರಡು ಎಲೆಗೆ ಜನವಿಲ್ಲ, ಬಲಕ್ಕೆ ಮೂರಕ್ಕೆ. ರತೀಶನೂ ತನ್ನ ಎಲೆಯನ್ನು ಆಚೆ ಜರುಗಿಸಿದ. ಬಡಿಸುವವನು ಪಾಯಸವನ್ನು ಒಂದು ಮೊಳ ಎತ್ತರದಿಂದ ಸುರಿದ.

ಊಟ ಮುಗಿಯುವಾಗ ಸರಸ ಅವರನ್ನು ಬಾವಿಕಟ್ಟೆಯ ಹತ್ತಿರ ಕರೆದರು. "ಮಾಷ್ಟ್ರೇ, ಕಾಕಿ ಎಂತಕೆ ಬರ್ಲಿಲ್ಲ ಅಂದ್ ನಂಗ್ ಗೊತ್ತಿತ್ತ್. ಆ ಮೂಗರ್ಜಿ ಬರ್ದದ್ದ್ ಇವ್ರೇ. ಹೆಡ್‌ಮಾಷ್ಟ್ರ ಕುರ್ಚಿ ಆಸಿಗೆ. ಕಡಿಗೆ ನನ್ ಕೈ ಹಿಡ್ದ್ ಅತ್ರ್. ಬೊಜ್ಜದ್ ದಿನ ಎಲ್ಲರೆದ್ರ್ ನಿಮ್ಮ ಕ್ಷಮೆ ಕೇಳ್ ಅಂದ್ರ್. ನಂಗ್ ಬಾಯೇ ಬರ್ಲಿಲ್ಲ. ಅಷ್ಟೊತ್ತಿಗೆ ನೀವೇ ಎದ್ದ್ ಎಲ್ಲ ನನ್ದೇ ಅಂದ್ರಿ. ದೇವ್ರಂಥವ್ರ್ ನೀವ್." ಕೈ ಮುಗಿದು, ಕಣ್ಣೊರೆಸಿಕೊಂಡು, ಹಗುರಾಗಿ ಒಳಗೆ ಹೋದರು.

ಮಾಷ್ಟ್ರು ಬಾವಿಯ ಹಗ್ಗ ಹಿಡಿದು ನಿಂತರು. ರಾಯಚೂರಿನ ಹನ್ನೊಂದು ವರ್ಷ, ತಾಯಿಯ ಬೂದಿ, ಹದಿನೈದು ವರ್ಷದ ಭಾನುವಾರದ ಚಹಾ, ಎಲ್ಲ ಒಟ್ಟಿಗೆ ಕಣ್ಣೆದುರು ಬಂತು. ಅಷ್ಟು ಸಿಟ್ಟು ಅವರಿಗೆ ಜನ್ಮದಲ್ಲಿ ಬಂದಿರಲಿಲ್ಲ. ಅಂಗಳಕ್ಕೆ ಓಡಿ ಕೂಗಿದರು: "ಹ್ವಾಯ್! ನನ್ನ್ ಮೇಲ್ ಮೂಗರ್ಜಿ ಬರ್ದದ್ದ್ ಭೋಜರಾಜ!"

ಎಲ್ಲರೂ ತಿರುಗಿ ನೋಡಿದರು. ಕೈ ತೊಳೆಯುತ್ತಿದ್ದ ಕುಸುಮಾವತಿ ಸೆರಗಿನಲ್ಲಿ ಕೈ ಒರೆಸಿಕೊಂಡರು.

"ಅದ್ ಊಟಕ್ಕಿಂತ ಮುಂಚೆ ಮಾಷ್ಟ್ರೇ. ಈಗ ಬರ್ದದ್ದ್ ನೀವ್. ನೀವೇ ಹೇಳಿದ್ದಲ್ದಾ? ಎಲ್ಲರ್ ಕಿವಿಗೂ ಬಿದ್ದಿತ್ತ್."

ಅದೇ ಹೊತ್ತಿಗೆ ಒಂದು ಕಾಗೆ ಪಾಗಾರದ ಮೇಲೆ ಬಂದು ಕೂತು ಖಾಲಿ ಎಲೆಯನ್ನು ಕುಕ್ಕಿತು. "ಕಾಣಿ, ಭೋಜನಿಗೆ ಸಮಾಧಾನ ಆಯ್ತ್," ಎಂದು ಕುಸುಮಾವತಿ ಕೈ ಮುಗಿದರು. ರತೀಶ್ ವಿಮಾನಕ್ಕೆ ಹೊರಟ.

ಮಾಷ್ಟ್ರು ಮನೆಗೆ ಬಂದಾಗ ವನಜ ಬಾಗಿಲಲ್ಲೇ ನಿಂತಿದ್ದರು. ಕಣ್ಣು ಕೆಂಪಗಿತ್ತು. ಅವರಿಗೂ ಆ ಹನ್ನೊಂದು ವರ್ಷದ ಲೆಕ್ಕವನ್ನು ಯಾರ ಮೇಲಾದರೂ ತೀರಿಸಬೇಕಿತ್ತು.

"ಅಲ್ಲೇ ನಿಲ್ಲಿ."

"ಕಾಲ್ ತೊಳ್ಕಂಡ್ ಬತ್ತೆ."

"ಕಾಲ್ ತೊಳ್ದ್ರೆ ಹೋಪ್ದಲ್ಲ ಅದ್. ಮೂಗರ್ಜಿ ಬರ್ದವನನ್ನ್ ಈ ಹೊಸ್ಲ್ ದಾಟ್ಸುದಿಲ್ಲ ಅಂದ್ ಆಣಿ ಹಾಕದ್ದ್ ಯಾರ್?"

"ನಾನೇ."

"ಬರ್ದದ್ದ್ ಯಾರ್?"

ಮಾಷ್ಟ್ರು ಪಕ್ಕದ ಮನೆಯ ಪಾಗಾರದ ಕಡೆ ನೋಡಿದರು. ನಲವತ್ತು ಸಾಕ್ಷಿಗಳು ನೆನಪಾದರು.

"ನಾನೇ," ಎಂದರು.

ವನಜ ಒಂದು ಚಾಪೆ ತಂದು ಜಗಲಿಗೆ ಎಸೆದು ಬಾಗಿಲು ಹಾಕಿಕೊಂಡರು.