ಕೆರೆಯನ್ನು ಕಾಡೆಂದ ಉಪಗ್ರಹ

ಆಕಾಶದಿಂದ ನೋಡಿದರೆ ಎಲ್ಲ ಸ್ಪಷ್ಟ ಎನ್ನುತ್ತಾರೆ. ಅದನ್ನು ನೆಲದ ಮೇಲೆ ತಾಳೆ ನೋಡಲು ಹೋದವನಿಗೆ ಮಾತ್ರ ಮುಂದೆ ಹೇಳುವಂಥ ಪ್ರಸಂಗಗಳು ಎದುರಾಗುತ್ತಲೇ ಇರುತ್ತವೆ.

ತೊಂಬತ್ತರ ದಶಕದ ಮಾತು. ನನ್ನ ಹೆಂಡತಿ ತೀರಿಕೊಂಡ ವರ್ಷ, ರಜೆಯಲ್ಲಿ ನಾನು ಮನೆಯಲ್ಲೇ ಕೂರಬಾರದೆಂದು ಹೆಡ್‌ಮಾಸ್ಟರು ಒಂದು ಕೆಲಸಕ್ಕೆ ಕಳಿಸಿದರು. ಸರ್ಕಾರಿ ಅಧಿಕಾರಿಯೊಬ್ಬರು ಹಳೆಯ ಮತ್ತು ಹೊಸ ಉಪಗ್ರಹ ಚಿತ್ರಗಳನ್ನು ಹೋಲಿಸಿ, ಶಿವಮೊಗ್ಗದ ಸುತ್ತ ಕೆರೆ, ಕಾಡು ಎಷ್ಟು ಬದಲಾಗಿವೆಯೆಂದು ನಕ್ಷೆ ಮಾಡುತ್ತಿದ್ದರು. ಭೂಗೋಳದ ಮೇಷ್ಟ್ರಾದ ನಾನು ಸ್ಥಳಕ್ಕೆ ಹೋಗಿ ನೋಡಿ ಬರೆಯಬೇಕು. ಒಪ್ಪಲು ನನಗೆ ನನ್ನದೇ ಕಾರಣವಿತ್ತು. ಆಲ್ಕೊಳದಾಚೆಯ ಒಂದು ಕೆರೆ ಏರಿಯ ಮೇಲೆ ನಾವಿಬ್ಬರೂ ಸಂಜೆ ನಡೆಯುತ್ತಿದ್ದೆವು. ನಕ್ಷೆಯಿಂದ ಅದು ಬಿಟ್ಟುಹೋದರೆ ಸೈಟಾಗುವುದು ಖಚಿತ.

ಯಾರು ಏನು ಹೇಳಿದರೂ ನಾನು ಹೇಳಿದ ಕ್ರಮದಲ್ಲೇ ಮಾಡುವವನೆಂದು ಅವಳು ನಗುತ್ತಿದ್ದಳು. “‘ಬಾಗಿಲು ಹಾಕಿ, ಹಾಲು ಉಕ್ತಿದೆ’ ಅಂದ್ರೆ ಮೊದಲು ಬಾಗಿಲು ಹಾಕೋರು ನೀವು!”

ಬಾವುಟದ ಬಣ್ಣ

ಈ ಚಿತ್ರಗಳಲ್ಲಿ ಹಸಿರೆಲ್ಲ ಕೆಂಪಾಗಿ ಕಾಣುತ್ತದೆ. ಭದ್ರಾವತಿಯ ಚಹಾದಂಗಡಿಯಲ್ಲಿ ಚಿತ್ರ ಬಿಡಿಸಿದಾಗ ಯೂನಿಯನ್ ಮುಖಂಡರೊಬ್ಬರು ಬಗ್ಗಿ ನೋಡಿದರು.

“ಏನ್ ಸಾರ್, ಊರಿಗೆಲ್ಲ ಬೆಂಕಿ ಬಿದ್ದಿದ್ಯಾ?”

“ಇಲ್ಲ, ಅದು ಗಿಡಮರ. ಬಣ್ಣ ಬದಲಾಯಿಸಿ ತೋರಿಸ್ತಾರೆ.”

“ಹಂಗಾದ್ರೆ ಕೆಂಪು?”

“ಹಸಿರಾಗಿ ಕಾಣತ್ತೆ.”

ಅವರು ಎದುರಿನ ಕಂಬದ ಮೇಲಿದ್ದ ತಮ್ಮ ಕೆಂಪು ಬಾವುಟವನ್ನು ಒಮ್ಮೆ ನೋಡಿದರು. “ಎಲೆಕ್ಷನ್ ಮುಗಿಯೋವರೆಗೆ ಈ ವಿಷಯ ಇಲ್ಲೇ ಇರ್ಲಿ ಸಾರ್.”

ಕುಂಸಿಯ ಫೋಟೊ

ಉಪಗ್ರಹ ಬೆಳಗ್ಗೆ ಹತ್ತರ ಸುಮಾರಿಗೆ ಹಾದುಹೋಗುತ್ತದೆಂದು ಕುಂಸಿಯ ರೈತರೊಬ್ಬರಿಗೆ ಹೇಳಿದ್ದೆ. ಮತ್ತೆ ಹೋದಾಗ ಕೇಳಿದರು, “ಫೋಟೊ ಬಂತಾ ಮೇಷ್ಟ್ರೇ? ಅವತ್ತು ಮನೆಯವಳಿಗೆ ರೇಷ್ಮೆ ಸೀರೆ ಉಡಿಸಿ ಅಂಗಳದಲ್ಲಿ ನಿಲ್ಸಿದ್ದೆ.”

“ನಿಮ್ಮ ಇಡೀ ಮನೆಯೇ ಒಂದು ಚುಕ್ಕೆಗಿಂತ ಸಣ್ಣದು” ಎಂದೆ.

ಅವರ ಮುಖ ಬಾಡಿತು. ಆಮೇಲೆ ಮೆಲ್ಲಗೆ, “ಹಂಗಾದ್ರೆ ಬೇಲಿ ನಾಲ್ಕಡಿ ಆಚೆ ಸರಿದಿದ್ರೆ?”

“ಕಾಣೋದೇ ಇಲ್ಲ.”

“ಒಳ್ಳೇ ಮಿಷನ್ ಮಾರಾಯ್ರೇ!”

ಗಟ್ಟಿ ನೆಲ

ಕೊನೆಗೆ ನಮ್ಮ ಕೆರೆ. ಅದರ ತುಂಬ, ನೀರೇ ಕಾಣದಂತೆ, ತೇಲುವ ಅಂತರಗಂಗೆ ಕಳೆ ಹಬ್ಬಿತ್ತು. ಹಳೆಯ ಚಿತ್ರದಲ್ಲಿ ಕಪ್ಪಗಿದ್ದ ನೀರು ಹೊಸದರಲ್ಲಿ ಅಚ್ಚಕೆಂಪು. ಅಧಿಕಾರಿಗಳು ಅದನ್ನು ಕಾಡೆಂದು ಲೆಕ್ಕ ಹಾಕಿ, ಕಾಡು ಹೆಚ್ಚಿದೆಯೆಂದು ಮೇಲಕ್ಕೆ ವರದಿ ಮಾಡಿ ಶಹಬ್ಬಾಸ್‌ಗಿರಿಯನ್ನೂ ಪಡೆದಿದ್ದರು. “ಕಳೆಯ ಕೆಳಗೆ ನೀರಿದೆ ಸರ್” ಎಂದರೆ, “ಉಪಗ್ರಹಕ್ಕಿಂತ ನಿಮ್ಮ ಕಣ್ಣು ಚುರುಕಾ ಮೇಷ್ಟ್ರೇ?” ಎಂದರು.

ಅಲ್ಲಿ ಲೇಔಟ್ ಮಾಡಲು ಹೊರಟಿದ್ದ ಸಾಹುಕಾರರೊಬ್ಬರಿಗೂ ಇದರಿಂದ ಸಂಕಟವಾಯಿತು. ಕಾಡಿನಲ್ಲಿ ಸೈಟು ಮಾಡುವಂತಿಲ್ಲ. ಜಾಗವನ್ನು ಅವರು ನೋಡಿದ್ದು ಕಾರಿನ ಕಿಟಕಿಯಿಂದ ಮಾತ್ರ. ಅಧಿಕಾರಿಗಳನ್ನೂ ನನ್ನನ್ನೂ ಏರಿಗೆ ಕರೆತಂದು ಗುಡುಗಿದರು:

“ಎಲ್ಲಿದೆ ರೀ ಕಾಡು? ಕಾಡೂ ಇಲ್ಲ, ಕೆರೆನೂ ಇಲ್ಲ. ಗಟ್ಟಿ ನೆಲ! ನಡೆದೇ ತೋರಿಸ್ತೀನಿ.”

ಬಿಳಿ ಪ್ಯಾಂಟಿನಲ್ಲಿ ಹಸಿರಿನ ಮೇಲೆ ಹೆಜ್ಜೆ ಇಟ್ಟರು. ಎದೆಮಟ್ಟ ಇಳಿದರು.

“ಅಯ್ಯಯ್ಯೋ, ನೀರು!”

ಅಧಿಕಾರಿಗಳು ಬೆವರು ಒರೆಸಿಕೊಂಡು, “ಈಗ ಏನಂತ ಬರೆಯೋದು?” ಎಂದರು.

“ಕೆರೆ! ಕೆರೆ ಅಂತ ಬರೀರಿ ಮೇಷ್ಟ್ರೇ, ನನ್ನನ್ನ ಎಳೀರಿ!”

ಅವರು ಹೇಳಿದ ಕ್ರಮದಲ್ಲೇ ಮಾಡಿದೆ.